ಮೇ ಮೂವತ್ತೊಂದರ ಕುಂಕುಮ

ಸೆಪ್ಟೆಂಬರ್ 4, 2025, ಗುರುವಾರ

ನನ್ನ ಹೆಂಡತಿ ಅಯ್ಯಮ್ಮನ ಸಂಘದ ಕುಂಕುಮ ಸರ್ಕಾರಿ ಪ್ರಯೋಗಾಲಯದ ಪರೀಕ್ಷೆಯಲ್ಲಿ ನಪಾಸಾಗಿದೆ. ಔಷಧ ನಿಯಂತ್ರಣ ಇಲಾಖೆಯ ಇನ್ಸ್‌ಪೆಕ್ಟರ್ ಕಳಿಸಿದ ವರದಿ ನಿನ್ನೆ ಮಧ್ಯಾಹ್ನ ಸ್ಪೀಡ್ ಪೋಸ್ಟಿನಲ್ಲಿ ಬಂತು. ನಾನು ಊಟಕ್ಕೆ ಕೂತಿದ್ದೆ. ಅಯ್ಯಮ್ಮ ಸಹಿ ಹಾಕಿ ಲಕೋಟೆ ತೆಗೆದುಕೊಂಡು, ಇಂಗ್ಲಿಷಿನಲ್ಲಿದೆ ಎಂದು ನನ್ನ ಎಡಗೈಗೆ ಕೊಟ್ಟಳು.

ವರದಿಯಲ್ಲಿರುವುದು ಇಷ್ಟು. ಬ್ಯಾಚ್, ಮೇ 31ರದ್ದು. ಸೀಸ ಹತ್ತು ಲಕ್ಷ ಭಾಗಕ್ಕೆ ಇಪ್ಪತ್ತು ಭಾಗ ಮೀರಬಾರದು. ಇದರಲ್ಲಿ ನೂರ ನಲವತ್ತು ಇದೆ. ಮೈಗೆ ಹಚ್ಚುವ ವಸ್ತುಗಳಲ್ಲಿ ಬಳಸಲು ಅನುಮತಿ ಇರುವ ಬಣ್ಣಗಳ ಪಟ್ಟಿಯಲ್ಲಿ ಇಲ್ಲದ ಒಂದು ಕೆಂಪು ಬಣ್ಣವೂ ಪತ್ತೆಯಾಗಿದೆ. ವರದಿಯನ್ನು ಒಪ್ಪದಿದ್ದರೆ ಇಪ್ಪತ್ತೆಂಟು ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ಎಣಿಸಿದೆ. ಅಕ್ಟೋಬರ್ 1ಕ್ಕೆ ಬರುತ್ತದೆ. ಅವತ್ತು ಆಯುಧಪೂಜೆ, ಕಚೇರಿಗಳಿಗೆ ರಜೆ. ಅಂದರೆ ನಮಗಿರುವುದು ಸೆಪ್ಟೆಂಬರ್ 30ರವರೆಗೆ.

ಈ ವರದಿ ತಪ್ಪು. ಮಸ್ಕಿಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಪೇಪರ್ ಏಜೆಂಟ್. ಊರು ಏಳುವ ಮೊದಲೇ ಸುದ್ದಿ ಓದಿ ಮುಗಿಸುವವನು. ವರದಿಗಳು ಹೇಗೆ ತಪ್ಪುತ್ತವೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬದುಕಿದ್ದವರ ಹೆಸರು ಸತ್ತವರ ಪಟ್ಟಿಯಲ್ಲಿ ಬಂದದ್ದನ್ನು ನೋಡಿದ್ದೇನೆ, ಗೆದ್ದವನ ಹೆಸರಿನ ಕೆಳಗೆ ಸೋತವನ ಫೋಟೊ ಬಂದದ್ದನ್ನೂ ನೋಡಿದ್ದೇನೆ. ಪ್ರಯೋಗಾಲಯದಲ್ಲಿ ಕೂತವರೂ ಮನುಷ್ಯರೇ. ಯಾವನೋ ಒಂದು ಬಾಟಲಿಯ ಚೀಟಿಯನ್ನು ಇನ್ನೊಂದಕ್ಕೆ ಅಂಟಿಸಿದ್ದಾನೆ. ಅವನ ಕೈ ಸೇದಿಹೋಗಲಿ.

ಹನ್ನೊಂದು ಮಂದಿ ಹೆಂಗಸರ ಸಂಘ. ನಮ್ಮ ಹಿತ್ತಲ ಶೆಡ್ಡಿನಲ್ಲಿ ಅರಿಶಿನ, ಸುಣ್ಣ, ನಿಂಬೆರಸ ಹಾಕಿ ಕುಂಕುಮ ಮಾಡುತ್ತಾರೆ. ಹಾಗೆ ಮಾಡಿದ್ದು ಸ್ವಲ್ಪ ಮಂಕು. ಅಂಗಡಿಯವರು ಝಗಝಗ ಕೆಂಪು ಕೇಳುತ್ತಾರೆಂದು ಕೊನೆಯಲ್ಲಿ ಕಂಪನಿಯ ಕೆಂಪು ಬಣ್ಣ ಚೂರು ಬೆರೆಸುತ್ತಾರೆ. ಆ ಬಣ್ಣ ಸರ್ಕಾರದ ಪಟ್ಟಿಯಲ್ಲಿರುವಂಥದ್ದು, ಡಬ್ಬಿಯ ಮೇಲೆ ನಂಬರ್ ಸಮೇತ ಅಚ್ಚಾಗಿರುತ್ತದೆ. ಕುಂಕುಮಕ್ಕೂ ಲೈಸೆನ್ಸ್ ಬೇಕೆಂದು ಗೊತ್ತಾದ ಮೇಲೆ ಒಂದೂವರೆ ವರ್ಷ ಅಲೆದು ಲೈಸೆನ್ಸ್ ಮಾಡಿಸಿದವಳು ಅಯ್ಯಮ್ಮ. ಈಗ ದಸರೆ ಎದುರಿಗಿದೆ. ಇದೇ ಹೊತ್ತು ನೋಡಿ ಕಳಿಸಿದ್ದಾರೆ.

ಈ ನೋಟ್‌ಬುಕ್ ಇವತ್ತು ಶುರು ಮಾಡಿದೆ. ಯಾರಿಗೂ ತೋರಿಸಲಿಕ್ಕಲ್ಲ. ಯಾವ ದಿನ ಏನಾಯಿತು ಎಂಬುದು ಬರಹದಲ್ಲಿರಲಿ ಎಂದು.

ಸೆಪ್ಟೆಂಬರ್ 5, ಶುಕ್ರವಾರ

ಸ್ಯಾಂಪಲ್ ತೆಗೆದದ್ದು ಜುಲೈ 15ಕ್ಕೆ. ಇನ್ಸ್‌ಪೆಕ್ಟರ್ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ಅಯ್ಯಮ್ಮ ಚಹಾ ಕೊಟ್ಟಳು, ಆಕೆ ಕುಡಿಯಲಿಲ್ಲ. ಕುಂಕುಮವನ್ನು ಭಾಗ ಮಾಡಿ, ಅರಗು ಹಾಕಿ, ಒಂದು ಭಾಗ ನಮಗೇ ಕೊಟ್ಟು ಹೋದಳು. ಪಾಮನಕಲ್ಲೂರಿನ ದೀಪಾ ಎಂಬ ಅಂಗನವಾಡಿ ಶಿಕ್ಷಕಿ ನಮ್ಮ ಕುಂಕುಮ ಹಚ್ಚಿ ಹಣೆ ಸುಟ್ಟಿತೆಂದು ದೂರು ಕೊಟ್ಟಿದ್ದಾಳಂತೆ. ಯಾವ ಕ್ರೀಮು ಹಚ್ಚಿದ್ದಳೋ ಏನೋ. ಸಾವಿರ ಹಣೆಗಳಲ್ಲಿ ಸುಟ್ಟದ್ದು ಅವಳದೊಂದೇ ಹಣೆಯೇ?

ಅರ್ಜುಮಂದ್ ಬೆಳಿಗ್ಗೆಯೇ ಬಂದು ವರದಿಯನ್ನು ಎರಡು ಸಲ ಓದಿದಳು. ಪಕ್ಕದ ಮನೆಯ ಟೇಲರ್ ಮೌಲಾಹುಸೇನನ ಮಗಳು, ಲಿಂಗಸುಗೂರಿನಲ್ಲಿ ಡಿ.ಫಾರ್ಮಾ ಓದಿದವಳು. ಓದಿದವರೊಬ್ಬರ ಉಸ್ತುವಾರಿ ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ; ಹಾಗಾಗಿ ಲೈಸೆನ್ಸಿನಲ್ಲಿ ಅವಳ ಹೆಸರಿದೆ. ಬಂದ ಸಾಮಾನನ್ನು ನೋಡುವುದು, ಡಬ್ಬಿಯ ಮೇಲಿನ, ಪ್ರತಿ ಸಲ ಬದಲಾಗುವ ಬ್ಯಾಚ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ. ಸರ್ಕಾರಿ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಕೆಲಸದ ಪಟ್ಟಿಯಲ್ಲಿ ಅವಳ ಹೆಸರು ಬಂದಿದೆ, ಅಕ್ಟೋಬರ್ 6ಕ್ಕೆ ದಾಖಲೆ ಪರಿಶೀಲನೆ. ತನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಬರೆದುಕೊಡಬೇಕು. ಆ ಮಾತನ್ನು ಅವಳು ಎತ್ತಲಿಲ್ಲ. ಅಯ್ಯಮ್ಮ ಎತ್ತಿದಳು.

ಸಂಜೆ ಶೆಡ್ಡು ಸ್ವಚ್ಛ ಮಾಡಿದೆ. ಖಾಲಿ ಡಬ್ಬಿ, ಹರಿದ ಚೀಲ ಎಲ್ಲ ಗುಜರಿಯವನಿಗೆ ಕೊಟ್ಟೆ. ಜಾಗವೇ ಇರಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಇವತ್ತು ಪೇಪರಿನಲ್ಲಿ ಬಂತು. ಐದನೇ ಪುಟ, ಎರಡು ಕಾಲಂ. "ಮಸ್ಕಿ: ಕುಂಕುಮದಲ್ಲಿ ಸೀಸ, ನಿಷೇಧಿತ ಬಣ್ಣ". ಬರೆದವನು ಮೈಲಾರಲಿಂಗಪ್ಪ. ದಿನಾ ನನ್ನ ಕಟ್ಟೆಯ ಮೇಲೆ ಕೂತು ನಾಲ್ಕೂ ಪೇಪರ್ ಪುಕ್ಕಟೆ ಓದುವ ಮನುಷ್ಯ. ನನ್ನನ್ನು ಒಂದು ಮಾತು ಕೇಳಲಿಲ್ಲ. "ತಾಂತ್ರಿಕ ಸಿಬ್ಬಂದಿಯ ನಿರ್ಲಕ್ಷ್ಯ ಶಂಕೆ" ಎಂದು ಬರೆದಿದ್ದಾನೆ. ಶಂಕೆ ಯಾರದು? ಶಂಕಿಸಿದವನಿಗೆ ಹೆಸರಿಲ್ಲವೇ? ಇದನ್ನು ಸುದ್ದಿ ಎನ್ನುತ್ತಾರೆಯೇ?

ಬಸ್ ಸ್ಟ್ಯಾಂಡಿನಲ್ಲಿ ಬಂಡಲ್ ಬಿಚ್ಚಿದಾಗ ಐದೂಕಾಲು. ಆ ಬಂಡಲನ್ನು ಅಲ್ಲೇ ಬಿಸಾಕಬೇಕೆನಿಸಿತು, ಸಿಟ್ಟಿಗೆ. ಆದರೆ ಹಂಚಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಬಾಗಿಲು ತಪ್ಪಿಸಿದವನಲ್ಲ. ನನ್ನ ಹೆಂಡತಿಯ ಹೆಸರಿರುವ ಸುದ್ದಿಯನ್ನು ನಾನೇ ಮನೆ ಮನೆಗೆ ಒಗೆದು ಬಂದೆ.

ಮೌಲಾಹುಸೇನನ ಬಾಗಿಲಿಗೆ ಬಂದಾಗ ಮಾತ್ರ ಅವನು ತರಿಸುವ ಪೇಪರ್ ಬಿಟ್ಟು ಬೇರೆಯದನ್ನು ಹಾಕಿದೆ. ಅದರಲ್ಲಿ ಈ ಸುದ್ದಿ ಇರಲಿಲ್ಲ. ಇದರಲ್ಲಿ ವಿಶೇಷವೇನಿಲ್ಲ, ನಮ್ಮ ಕಸುಬಿನಲ್ಲಿ ಇದು ಇದ್ದದ್ದೇ. ಒಂದು ಪೇಪರಿನ ಬಂಡಲ್ ಕಡಿಮೆ ಬಂದರೆ ಇನ್ನೊಂದು ಹಾಕು, ಬಾಗಿಲು ಖಾಲಿ ಬಿಡಬೇಡ ಎಂದು ನನಗೆ ಏಜೆನ್ಸಿ ಬಿಟ್ಟುಕೊಟ್ಟ ಹಿರಿಯರು ಹೇಳಿದ್ದರು. ಖಾಲಿ ಬಾಗಿಲಿನವನು ಜಗಳಕ್ಕೆ ಬರುತ್ತಾನೆ. ಬೇರೆ ಪೇಪರ್ ಸಿಕ್ಕವನು ಗೊಣಗುತ್ತಾ ಓದುತ್ತಾನೆ, ಅರ್ಧ ಮಂದಿ ಗಮನಿಸುವುದೂ ಇಲ್ಲ.

ಸೆಪ್ಟೆಂಬರ್ 8, ಸೋಮವಾರ

ಮೌಲಾಹುಸೇನ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ.

"ನಿನ್ನೆ ಬ್ಯಾರೆ ಪೇಪರ್ ಬಿದ್ದಿತ್ತಲ್ಲೋ ಗಂಗಣ್ಣ."

ಬಂಡಲ್ ಕಡಿಮೆ ಬಂದಿತ್ತು ಎಂದೆ.

"ಇರ್ಲಿ ಬಿಡು. ಚಾದಂಗಡ್ಯಾಗ ಓದೀನಿ. ಓದಿ, ಎದುರಿಗೆ ಕುಂತಾವನಿಗೂ ಓದಿ ಹೇಳೀನಿ. ಅಂವಗ ಓದಾಕ ಬರಂಗಿಲ್ಲ, ಕೇಳಿದ."

ನಕ್ಕ. ನಗುವಂಥ ಮಾತೇ ಅದು? ಮಗಳ ಕೆಲಸ ಹೋಗುವ ಹೊತ್ತಿನಲ್ಲಿ ಹಲ್ಲು ಬಿಡುವ ಗಂಡಸು. ನನಗೆ ಮೈ ಉರಿಯಿತು. ಮೈಲಾರಲಿಂಗಪ್ಪ ಕಟ್ಟೆಗೆ ಬಂದರೆ ಪೇಪರ್ ಮುಟ್ಟಬೇಡ ಎಂದು ಹೇಳಬೇಕೆಂದಿದ್ದೆ. ಅವನು ಬರಲೇ ಇಲ್ಲ.

ಸೆಪ್ಟೆಂಬರ್ 11, ಗುರುವಾರ

ಸಿಂಧನೂರಿಗೆ ಹೋಗಿದ್ದೆ. ಬಣ್ಣ ತಂದದ್ದು ಅಮರಗುಂಡಪ್ಪನ ಅಂಗಡಿಯಿಂದ; ಕೇಳಬೇಕಾದದ್ದು ಅವನನ್ನೇ. ಗೋಡೆಗೆ ಬಳಿಯುವ ಬಣ್ಣದಿಂದ ಹಿಡಿದು ರಂಗೋಲಿಯ ಬಣ್ಣದವರೆಗೆ ಎಲ್ಲ ಇಟ್ಟಿರುವ ಅಂಗಡಿ. ನಾಲ್ಕು ಮಂದಿ ಗಿರಾಕಿಗಳಿದ್ದರು. ಅವರ ಎದುರಿಗೇ ಶುರು ಮಾಡಿದ.

"ಬಾ ಪೇಪರ್ ಸಾಹುಕಾರ. ಮನಿ ಸುದ್ದಿ ನೀನಽ ಹಂಚಿದೆಂತಲ್ಲ ಊರಿಗೆ."

ಮೇ 29ಕ್ಕೆ ನೀನು ಕೊಟ್ಟದ್ದು ಎಂಥ ಬಣ್ಣ ಎಂದು ನೇರ ಕೇಳಿದೆ. ದನಿ ಎತ್ತಿಯೇ ಕೇಳಿದೆ. ಅವನು ತೂಗುತ್ತಿದ್ದುದನ್ನು ಕೆಳಗಿಡಲಿಲ್ಲ.

"ಕಂಪನಿ ಡಬ್ಬಿ ಖಾಲಿ ಆಗ್ಯಾವ, ಸೋಮವಾರ ಬರ್ತಾವ ಅಂದೆ. ಕಾರಹುಣ್ಣಿವಿ ಮಾಲು ಚೀಲದಾಗ ಇತ್ತು, ಅದನ್ನ ಕೊಡು ಅಂದಿ. ಹಣಿಗೆ ಹಚ್ಚೂದಲ್ಲಪ ಇದು, ಎತ್ತಿನ ಕೊಂಬಿಗೆ ಬಳಿಯೂದು ಅಂತ ನಾ ಅಂದೆ. ಅಂದೆ ಇಲ್ಲೋ?"

ಗಿರಾಕಿಗಳು ನನ್ನ ಮುಖ ನೋಡಿದರು. ಒಬ್ಬ ನಕ್ಕ. ಬಾಯಿಗೆ ಬಂದದ್ದು ಬೈದು ಇಳಿದು ಬಂದೆ. ಬಿಲ್ ಕೊಡದ ಕಳ್ಳ. ಹಗಲು ದರೋಡೆಕೋರ.

ಅವನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಅವತ್ತು ಅಂಗಡಿ ಎದುರಿಗೆ ಲಾರಿ ನಿಂತಿತ್ತು. ಎಂಜಿನ್ ಬಂದ್ ಮಾಡಿರಲಿಲ್ಲ. ಆ ಗದ್ದಲದಲ್ಲಿ ಯಾರು ಏನು ಹೇಳಿದರೆ ಏನು ಕೇಳಿಸುತ್ತದೆ?

ಸೆಪ್ಟೆಂಬರ್ 12, ಶುಕ್ರವಾರ

ನಿನ್ನೆ ಬರೆದದ್ದರಲ್ಲಿ ಒಂದು ತಿದ್ದುಪಡಿ. ಲಾರಿ ನಿಂತದ್ದು ಹಣ್ಣಿನ ಅಂಗಡಿಯ ಎದುರು. ಅಲ್ಲಿಂದ ಅಮರಗುಂಡಪ್ಪನ ಅಂಗಡಿಗೆ ನಡುವೆ ಆರು ಅಂಗಡಿಗಳಿವೆ.

ಸೆಪ್ಟೆಂಬರ್ 15, ಸೋಮವಾರ

ಇನ್ಸ್‌ಪೆಕ್ಟರ್ ಇನ್ನೊಂದು ನೋಟಿಸ್ ಕಳಿಸಿದ್ದಾಳೆ. ಸೆಪ್ಟೆಂಬರ್ 30ಕ್ಕೆ ಲಿಂಗಸುಗೂರಿನ ಪ್ರವಾಸಿ ಮಂದಿರಕ್ಕೆ ಬರುತ್ತಾಳಂತೆ. ಲೈಸೆನ್ಸ್ ಇದ್ದವರು, ತಾಂತ್ರಿಕ ಸಿಬ್ಬಂದಿ, ಸಂಬಂಧಪಟ್ಟ ಇತರರು ರಿಜಿಸ್ಟರ್ ಸಮೇತ ಹಾಜರಾಗಿ ಹೇಳಿಕೆ ಕೊಡಬೇಕು.

ಶೆಡ್ಡಿನಲ್ಲಿ ಸಂಘದ ಸಭೆ ಸೇರಿತು. ಕಾರ್ಯದರ್ಶಿ ಅಂಬಿಕಾ ರಿಜಿಸ್ಟರ್ ಬಿಚ್ಚಿ ಎರಡು ಕಡೆ ಬೆರಳಿಟ್ಟಳು. ಫೆಬ್ರವರಿಯಲ್ಲಿ ಬಂದ ಬಣ್ಣದ ಡಬ್ಬಿಗೆ ಬರೆದ ನಂಬರೂ ಮೇ ತಿಂಗಳ ಡಬ್ಬಿಗೆ ಬರೆದ ನಂಬರೂ ಒಂದೇ.

"ಡಬ್ಬಿ ನೋಡಿದ್ರ ಎರಡೂ ಸಲ ಒಂದಽ ನಂಬರ ಹೆಂಗ ಬರ್ತೈತಿ? ಮ್ಯಾಲಿಂದ ನೋಡಿ ಕೆಳಗ ಇಳಿಸ್ಯಾಳ. ನಮ್ಮ ಹೊಟ್ಟಿ ಮ್ಯಾಲ ಹೊಡದಾಳ."

ಅರ್ಜುಮಂದ್ ಗೋಡೆಗೆ ಒರಗಿ ನಿಂತಿದ್ದಳು. "ಡಬ್ಬಿ ನೋಡೇ ಬರದೀನ್ರಿ ಅಕ್ಕಾ. ಡಬ್ಬಿ ತರ್ರಿ, ತೋರಸ್ತೀನಿ" ಎಂದಳು.

ಎಲ್ಲರೂ ಡಬ್ಬಿ ಹುಡುಕಿದರು. ಮೂಟೆಗಳ ಹಿಂದೆ, ಅಟ್ಟದ ಮೇಲೆ. ಗುಜರಿಗೆ ಹೋಗಿದೆ ಎಂದು ನಾನು ಹೇಳಿದೆ. ಅಯ್ಯಮ್ಮ ನನ್ನ ಕಡೆ ನೋಡಿ, ಮತ್ತೆ ರಿಜಿಸ್ಟರ್ ನೋಡಿದಳು.

ತಪ್ಪು ತಾಂತ್ರಿಕ ಸಿಬ್ಬಂದಿಯದು ಎಂದು ಸಂಘದಿಂದ ಪತ್ರ ಕೊಟ್ಟರೆ ಲೈಸೆನ್ಸ್ ಉಳಿಯಬಹುದು ಎಂದು ಅಂಬಿಕಾ ಹೇಳಿದಳು. ಎಂಟು ಕೈ ಎದ್ದವು. ಗುಲ್ಷನ್‌ಬೀ ಮತ್ತು ಇನ್ನೊಬ್ಬಾಕೆ ಎತ್ತಲಿಲ್ಲ. ಅಯ್ಯಮ್ಮ ಅಧ್ಯಕ್ಷೆ, ಎತ್ತುವಂತಿಲ್ಲ. ನನ್ನ ಕನ್ನಡ ಚೆನ್ನಾಗಿದೆಯೆಂದು ಪತ್ರ ಬರೆಯುವ ಕೆಲಸ ನನಗೆ ಬಂತು. ಊರಿಗೆ ಒಂದು ಅರ್ಜಿ ಬೇಕಾದರೂ ನಾನೇ ಬೇಕು, ಶ್ರದ್ಧಾಂಜಲಿ ಬೇಕಾದರೂ ನಾನೇ ಬೇಕು. ಬೇಡ ಎನ್ನಲು ಇವರು ನನಗೆ ಬಾಯಿ ತೆರೆಯಲು ಬಿಟ್ಟರೆ ತಾನೆ.

ಸೆಪ್ಟೆಂಬರ್ 17, ಬುಧವಾರ

ಕಲ್ಯಾಣ ಕರ್ನಾಟಕ ಉತ್ಸವದ ರಜೆ. ಮೈಕಿನ ಗದ್ದಲದಲ್ಲೇ ಪತ್ರ ಬರೆದೆ.

"ಸದರಿ ಬಣ್ಣವನ್ನು ಸಿಂಧನೂರಿನಿಂದ ತರಲಾಗಿದ್ದು, ಅದನ್ನು ಪರಿಶೀಲಿಸಬೇಕಾಗಿದ್ದ ತಾಂತ್ರಿಕ ಸಿಬ್ಬಂದಿಯು ಹಿಂದಿನ ನಂಬರನ್ನೇ ನಕಲು ಮಾಡಿ ನಿರ್ಲಕ್ಷ್ಯ ತೋರಿರುತ್ತಾರೆ."

ವಾಕ್ಯ ಗಟ್ಟಿಯಾಗಿ ಬಂದಿದೆ. ಅಯ್ಯಮ್ಮನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಾ ಕೇಳಿದಳು.

"ವರದಿ ಸುಳ್ಳು ಅಂದಿದ್ರಿ ಮೊನ್ನೆ. ಈಗ ಖರೇ ಅಂತ ಬರದೀರಲ್ಲ."

ಕಾನೂನಿನ ವಿಷಯ ನಿನಗೆ ತಿಳಿಯುವುದಿಲ್ಲ ಎಂದು ರೇಗಿದೆ. ಸಹಿ ಹಾಕು ಎಂದರೆ, ಕೈಗೆ ಹಿಟ್ಟು ಹತ್ತಿದೆ ಎಂದಳು. ಹಿಟ್ಟು ತೊಳೆದ ಮೇಲೂ ಹಾಕಲಿಲ್ಲ. ಲೈಸೆನ್ಸ್ ಅವಳದು, ಕೇಸಾದರೆ ಜೈಲಿಗೆ ಹೋಗುವವಳು ಅವಳು. ಅವಳನ್ನು ಉಳಿಸಲು ನಾನು ಒದ್ದಾಡಬೇಕು, ಅವಳು ರೊಟ್ಟಿ ಬಡಿಯುತ್ತಾ ಮಾತಿನಲ್ಲಿ ಚುಚ್ಚಬೇಕು.

ಸೆಪ್ಟೆಂಬರ್ 19, ಶುಕ್ರವಾರ

ಪಾಮನಕಲ್ಲೂರಿಗೆ ಹೋಗಿದ್ದೆ. ನೋಡಿದೆ.

ಸೆಪ್ಟೆಂಬರ್ 20, ಶನಿವಾರ

ನಿನ್ನೆ ಹೋದದ್ದು ಆ ದೀಪಾ ಹೇಳುವುದು ಸುಳ್ಳೆಂದು ಖಚಿತ ಮಾಡಿಕೊಳ್ಳಲು. ಅಂಗನವಾಡಿ ಬಿಡುವ ಹೊತ್ತು. ಪೇಪರ್ ಹಾಕಿಸಿಕೊಳ್ಳುತ್ತೀರಾ ಎಂದು ಕೇಳುವ ನೆವ ಮಾಡಿದೆ. ಆಕೆ ಒಳ್ಳೆಯ ಮಾತಿನವಳು. ಬೇಡ ಅಣ್ಣಾ, ಮೊಬೈಲಿನಲ್ಲೇ ಓದುತ್ತೇನೆ ಎಂದಳು.

ಹುಬ್ಬುಗಳ ನಡುವೆ ಎರಡು ಬೆರಳಗಲ ಚರ್ಮ ಸುಲಿದು ಕಪ್ಪಾಗಿದೆ. ಅಂಚಿನಲ್ಲಿ ಇನ್ನೂ ಕೆಂಪಿದೆ, ನೀರು ಒಸರುತ್ತದೆ. ಆಕೆ ಸೆರಗಿನ ತುದಿಯಿಂದ ಅದನ್ನು ಒತ್ತಿಕೊಳ್ಳುತ್ತಲೇ ಮಾತಾಡಿದಳು. ಮೂರು ತಿಂಗಳಾಗಿದೆ.

ಬರುವಾಗ ಗಾಡಿ ಪಂಕ್ಚರ್ ಆಯಿತು. ಎರಡು ಮೈಲು ತಳ್ಳಿದೆ. ರಸ್ತೆ ಮಾಡಿದ ಗುತ್ತಿಗೆದಾರನನ್ನು ಅದೇ ರಸ್ತೆಯಲ್ಲಿ ಮಲಗಿಸಬೇಕು.

ಸೆಪ್ಟೆಂಬರ್ 23, ಮಂಗಳವಾರ

ನವರಾತ್ರಿ ನಿನ್ನೆ ಶುರುವಾಯಿತು. ಶೆಡ್ಡಿಗೆ ಬೀಗ. ಹೋದ ವರ್ಷ ಈ ದಿನಗಳಲ್ಲಿ ಹನ್ನೊಂದೂ ಮಂದಿಯ ಅಂಗೈ ತೊಳೆದರೂ ಕೆಂಪು ಹೋಗುತ್ತಿರಲಿಲ್ಲ. ಇವತ್ತು ಅಂಬಿಕಾ ಯಾರದೋ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಾಳೆ.

ಮಧ್ಯಾಹ್ನ ಅರ್ಜುಮಂದ್ ಒಂದು ಹಾಳೆ ಹಿಡಿದು ಬಂದಳು. ಇನ್ಸ್‌ಪೆಕ್ಟರ್ ಎದುರು ಕೊಡಬೇಕಾದ ತನ್ನ ಹೇಳಿಕೆ. ಕನ್ನಡ ತಪ್ಪಿದ್ದರೆ ತಿದ್ದಿಕೊಡಿ ಕಾಕಾ ಎಂದಳು. ಸಂಘದ ಪತ್ರ ಬರೆದವನು ನಾನೇ ಎಂದು ಅವಳಿಗೆ ಗೊತ್ತಿದೆ. ಆ ಸಭೆಯಲ್ಲಿ ಅವಳೂ ಇದ್ದಳು. ಗೊತ್ತಿದ್ದೂ ಬಂದಿದ್ದಾಳೆ.

ಹೇಳಿಕೆ ಒಂದೇ ಪುಟ. ಡಬ್ಬಿ ನೋಡಿಯೇ ನಂಬರ್ ಬರೆದೆ, ಒಳಗಿನ ಬಣ್ಣ ಪರೀಕ್ಷಿಸಲಿಲ್ಲ, ಅಷ್ಟರ ಮಟ್ಟಿಗೆ ತಪ್ಪು ನನ್ನದು ಎಂದಿದೆ. ನಾನು ತಂದು ಕೊಟ್ಟಾಗ ಡಬ್ಬಿಯ ಸೀಲ್ ಒಡೆದಿತ್ತು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಅದನ್ನು ಯಾಕೆ ಬಿಟ್ಟೆ ಎಂದು ಕೇಳಿಯೇಬಿಟ್ಟೆ.

"ಸೀಲ್ ಒಡದಿತ್ತು ಅಂತ ಅವತ್ತಽ ಬರಿಬೇಕಂತ ಪೆನ್ ಹಿಡದಿದ್ದೆ ಕಾಕಾ. ಅಂಗಡ್ಯಾಗ ಬಣ್ಣ ತೋರಿಸಾಕ ಒಡದ್ರು ಅಂದ್ರಿ ನೀವು. ಎದುರಿಗೇ ನಿಂತಿದ್ರಿ. ಬರದ್ರ ನಿಮ್ಮ ಮ್ಯಾಲ ಸಂಶೆ ಮಾಡಿದಂಗ ಆಕ್ಕಿತ್ತು. ಬಿಟ್ಟೆ. ಈಗ ಬರದ್ರ, ಸಿಕ್ಕೊಂಡ ಮ್ಯಾಲ ಕತಿ ಕಟ್ಟಾಕತ್ಯಾಳ ಅಂತಾರ."

ಒತ್ತಕ್ಷರ ಎರಡು ಕಡೆ ತಪ್ಪಿತ್ತು. ತಿದ್ದಿ ಕೊಟ್ಟೆ.

ಸೆಪ್ಟೆಂಬರ್ 24, ಬುಧವಾರ

ಬರೆಯಬೇಕಿತ್ತು ಅವಳು. ಬರೆಯುವುದೇ ಅವಳ ಕೆಲಸ. ಸರ್ಕಾರ ಒಬ್ಬ ಓದಿದವಳ ಹೆಸರನ್ನು ಲೈಸೆನ್ಸಿನಲ್ಲಿ ಹಾಕಿಸುವುದು ಯಾತಕ್ಕೆ? ಕಾಕಾ, ಮಾಮಾ ಎಂದು ಮುಖ ನೋಡಿ ಪೆನ್ ಕೆಳಗಿಡಲಿಕ್ಕೆಯೇ? ನಾನು ಎದುರಿಗೆ ನಿಂತಿದ್ದರೆ ಏನಾಯಿತು, ನಾನೇನು ಜಿಲ್ಲಾಧಿಕಾರಿಯೇ? ಒಂದು ಸಾಲು. "ಸೀಲ್ ಒಡೆದಿದೆ." ಹಾಗೆ ಬರೆದಿದ್ದರೆ ಮೇ 31ರ ಬೆಳಿಗ್ಗೆಯೇ ಎಲ್ಲ ನಿಲ್ಲುತ್ತಿತ್ತು. ಹಣೆ ಸುಡುತ್ತಿರಲಿಲ್ಲ. ಇಷ್ಟು ಗೌರವ ನನಗೆ ಯಾರು ಕೇಳಿದ್ದರು? ಇಡೀ ದಿನ ಈ ಸಿಟ್ಟು ಇಳಿದಿಲ್ಲ. ಬೆಳಿಗ್ಗೆ ಪೇಪರ್ ಒಗೆಯುವಾಗ ಒಂದು ಮನೆಯ ಹೂಕುಂಡ ಒಡೆಯಿತು.

ಮೇ 29ರದ್ದು ಎಲ್ಲೂ ಸರಿಯಾಗಿ ಬರೆದಿಲ್ಲ. ಬರೆದಿಡುತ್ತೇನೆ, ಕ್ರಮವಾಗಿ ಇರಲಿ.

ಬಣ್ಣ ಮುಗಿದಿದೆ, ಶನಿವಾರಕ್ಕೆ ಬೇಕು ಎಂದು ಅಯ್ಯಮ್ಮ ಹೇಳಿದ್ದಳು. ಅಂಥದ್ದೇ ತರಬೇಕೆಂದು ಫೆಬ್ರವರಿಯ ಖಾಲಿ ಡಬ್ಬಿಯನ್ನು ಗಾಡಿಯ ಡಿಕ್ಕಿಯಲ್ಲಿ ಇಟ್ಟುಕೊಂಡು ಸಿಂಧನೂರಿಗೆ ಹೋದೆ. ಅಮರಗುಂಡಪ್ಪ ಇಲ್ಲ ಎಂದ. ಇನ್ನೆರಡು ಅಂಗಡಿ ನೋಡಿದೆ, ಇರಲಿಲ್ಲ. ತಿರುಗಿ ಅವನ ಅಂಗಡಿಗೇ ಬಂದೆ. ಚೀಲದಲ್ಲಿ ಕೆಂಪು ಪುಡಿ ಇತ್ತು. ನೋಡಲು ಅದೇ ಬಣ್ಣ. ಅವನು ಹೇಳಿದ, ಇದು ಕೊಂಬಿಗೆ, ಹಣೆಗಲ್ಲ ಎಂದು. ಕೇಳಿಸಿತು. ಒಂದು ಸಲಕ್ಕೆ ಏನಾಗುತ್ತದೆ, ಬೆರೆಸುವುದೇ ಚೂರು ಎಂದುಕೊಂಡೆ. ಡಬ್ಬಿ ಚಾಚಿದೆ. ತುಂಬಿ ಕೊಟ್ಟ. ಹಳೆಯ ಡಬ್ಬಿ, ಅದರ ಮೇಲೆ ಫೆಬ್ರವರಿಯ ನಂಬರ್. ಅರ್ಜುಮಂದ್ ಅದನ್ನೇ ನೋಡಿದಳು, ಅದನ್ನೇ ಬರೆದಳು. ಅವಳು ಬರೆದ ನಂಬರ್ ಸರಿಯಾಗಿದೆ.

ಖಾಲಿ ಕೈಯಲ್ಲಿ ಹೋಗುವುದು ಹೇಗೆ ಎಂಬುದೊಂದೇ ಅವತ್ತು ನನ್ನ ತಲೆಯಲ್ಲಿದ್ದದ್ದು.

ಸೆಪ್ಟೆಂಬರ್ 26, ಶುಕ್ರವಾರ

ಸಂಘದ ಪತ್ರದಲ್ಲಿ ದೋಷವಿತ್ತು. "ತರಲಾಗಿದ್ದು" ಎಂದಿದೆ. ಯಾರು ತಂದರು ಎಂಬುದು ಇಲ್ಲ. ಯಾವ ಸಬ್ ಎಡಿಟರ್ ಆದರೂ ಇದನ್ನು ಒಡೆದು ಕೇಳುತ್ತಿದ್ದ. ಹರಿದು ಹಾಕಿ ಬೇರೆ ಬರೆದೆ. ತಂದವನ ಹೆಸರು, ದಿನ, ಅಂಗಡಿ, ಅಂಗಡಿಯವನು ಹೇಳಿದ ಮಾತು, ಹಳೆಯ ಡಬ್ಬಿ, ಸೀಲಿನ ಬಗ್ಗೆ ಹೇಳಿದ ಸುಳ್ಳು, ಗುಜರಿಗೆ ಕೊಟ್ಟ ದಿನ. ಎರಡು ಪುಟವಾಯಿತು. ವರದಿಯನ್ನು ಪ್ರಶ್ನಿಸುವುದಿಲ್ಲ ಎಂದೂ ಸೇರಿಸಿದೆ.

ಅಯ್ಯಮ್ಮ ಕನ್ನಡಕ ಹಾಕಿಕೊಂಡು ತಾನೇ ಓದಿದಳು. ಓದುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಕಿರುಚುತ್ತಾಳೆ ಎಂದುಕೊಂಡು ನಾನೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ.

"ಖಾಲಿ ಕೈಲೆ ಬಂದಿದ್ರ ನಾ ಏನ್ ಅಂತಿದ್ದೆ ಹೇಳ್ರಿ? ಸೋಮವಾರ ತರ್ರಿ ಅಂತಿದ್ದೆ. ಅಷ್ಟಽ."

ಪತ್ರ ಮಡಚಿ ನನ್ನ ಕೈಗೆ ಕೊಟ್ಟಳು. ಲೈಸೆನ್ಸಿನ ಗತಿ ಏನು ಎಂದು ಕೇಳಲಿಲ್ಲ, ನನ್ನ ಗತಿ ಏನು ಎಂದೂ ಕೇಳಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದು ಯಾವ ರೀತಿ? ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳಿಗೆ ನಾಲ್ಕು ಬೈಗುಳ ಬರುವುದಿಲ್ಲವೇ?

ಸೆಪ್ಟೆಂಬರ್ 27, ಶನಿವಾರ

ಚೀಟಿ ಅಚ್ಚು ಹಾಕಿಸಿದೆ. "ಮೇ 31ರ ಬ್ಯಾಚಿನ ಕುಂಕುಮ ಹಚ್ಚಬೇಡಿ. ಮನೆಯಲ್ಲಿದ್ದರೆ ವಾಪಸ್ ಕೊಡಿ. ತಪ್ಪು ಬಣ್ಣ ತಂದು ಕೊಟ್ಟವನು ಪೇಪರ್ ಏಜೆಂಟ್ ಗಂಗಾಧರ." ಪ್ರೆಸ್ಸಿನವನು "ಬ್ಯಾಚಿನ" ಎಂಬುದನ್ನು "ಬ್ಯಾಚನ" ಮಾಡಿದ್ದಾನೆ. ಬೈದು ಮತ್ತೆ ಹಾಕಿಸಿದೆ. ಕೊನೆಯ ಸಾಲು ಇರಬೇಕೇ ಎಂದು ಮೂರು ಸಲ ಕೇಳಿದ. ಅಚ್ಚು ಹಾಕುವವನು ಅಚ್ಚು ಹಾಕಬೇಕು.

ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆ ಎಲ್ಲ ಪೇಪರಿನೊಳಗೂ ಚೀಟಿ ಇಟ್ಟು ಹಂಚಿದೆ. ಜವಳಿ ಅಂಗಡಿಯ ದಸರೆ ಚೀಟಿಯನ್ನು ಇವತ್ತು ಇಡಲಿಲ್ಲ, ಎರಡು ಇಟ್ಟರೆ ಜನ ಎರಡನ್ನೂ ಕೊಡವಿ ಒಗೆಯುತ್ತಾರೆ. ಮೌಲಾಹುಸೇನನ ಬಾಗಿಲಿಗೆ ಅವನದೇ ಪೇಪರ್ ಹಾಕಿದೆ.

ಎಂಟು ಗಂಟೆಗೆ ಅವನು ಬಂದ. ಚೀಟಿ ಕೈಯಲ್ಲಿತ್ತು.

"ಪೇಪರ್ ನಾಳಿಂದ ಬ್ಯಾಡ. ಚಾದಂಗಡ್ಯಾಗ ಓದ್ತೀನಿ."

ಸರಿ ಎಂದೆ. ಅವನು ಹೋಗಲಿಲ್ಲ.

"ಇಪ್ಪತ್ತು ದಿನ ನನ್ನ ಮಗಳು ಒಂದಽ ಮಾತು ಹೇಳ್ಯಾಳ. ಡಬ್ಬಿ ನೋಡೇ ಬರದೀನಿ ಅಬ್ಬಾ ಅಂತ. ನಾನೂ ನಂಬಲಿಲ್ಲಲೇ ಗಂಗ್ಯಾ. ನನ್ನ ಕೈಲೆ ಅಕಿನ್ನ ಬೈಸಿದಿ."

ಹೋದ. ನಾನು ಕೆಟ್ಟ ಸಿಟ್ಟಿನಲ್ಲಿ ಕಟ್ಟೆಯ ಮೇಲೆ ಕೂತೆ. ಯಾರ ಮೇಲೆ ಎಂದು ಬರೆಯಬೇಕಾಗಿಲ್ಲ.

ಸಂಜೆ ಸಂಘದವರು ಸೇರಿದ್ದರು. ಹೊಸ ಪತ್ರವನ್ನು ಅಯ್ಯಮ್ಮ ಓದಿ ಹೇಳಿದಳು. ಅಂಬಿಕಾ ನಾನು ಕೂತಿದ್ದ ಚಾಪೆ ಬಿಟ್ಟು ಎದ್ದು ಹೋಗಿ ಅರ್ಜುಮಂದ್ ಪಕ್ಕದಲ್ಲಿ ಕೂತಳು. ಅರ್ಜುಮಂದ್ ಸರಿದು ಜಾಗ ಕೊಡಲಿಲ್ಲ. ಅಂಬಿಕಾ ನೆಲದ ಮೇಲೇ ಕೂತಳು. ಹನ್ನೊಂದೂ ಮಂದಿ ಪತ್ರಕ್ಕೆ ಸಹಿ ಹಾಕಿದರು. ಬಣ್ಣವಿಲ್ಲದೆ ಮಂಕು ಕುಂಕುಮ ಮಾಡಿದರೆ ಯಾರು ಕೊಳ್ಳುತ್ತಾರೆ ಎಂದು ಗುಲ್ಷನ್‌ಬೀ ಕೇಳಿದಳು. ಅದಕ್ಕೂ ಮೊದಲು ಲೈಸೆನ್ಸ್ ಉಳಿಯಬೇಕಲ್ಲ ಎಂದು ಯಾರೋ ಹೇಳಿದರು.

ಸೆಪ್ಟೆಂಬರ್ 29, ಸೋಮವಾರ

ಇವತ್ತಿನವರೆಗೆ ವಾಪಸ್ ಬಂದದ್ದು ಅರವತ್ತೆಂಟು ಪೊಟ್ಟಣ. ಇಪ್ಪತ್ತಮೂರು ಅರ್ಧ ಖಾಲಿ. ಒಬ್ಬ ಮುದುಕಿ ದೇವರ ಮುಂದಿನ ಬಟ್ಟಲನ್ನೇ ತಂದು ಸುರಿದು ಹೋದಳು. ಇನ್ನು ಎಷ್ಟು ಮನೆಗಳಲ್ಲಿ ಇದೆಯೋ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ಮೈಲಾರಲಿಂಗಪ್ಪ ಬಂದು ಚೀಟಿಯನ್ನು ಸುದ್ದಿ ಮಾಡಲೇ ಎಂದು ಕೇಳಿದ. ಈ ಸಲ ಕೇಳಿದ. ಮಾಡು, "ಶಂಕೆ" ಎಂದು ಮಾತ್ರ ಬರೆಯಬೇಡ ಎಂದೆ. ತಾಂತ್ರಿಕ ಸಿಬ್ಬಂದಿ ಬರೆದ ನಂಬರ್ ಸರಿಯಿತ್ತು ಎಂಬುದು ಮೊದಲ ಪ್ಯಾರಾದಲ್ಲಿ ಬರಲಿ, ಕೊನೆಯದರಲ್ಲಿ ಬಂದರೆ ಜಾಗವಿಲ್ಲವೆಂದು ಕತ್ತರಿಸುತ್ತಾರೆ ಎಂದೂ ಹೇಳಿದೆ. ಗೋಣು ಹಾಕಿದ. ಅವನು ಹೇಗೆ ಬರೆಯುತ್ತಾನೋ ನೋಡಬೇಕು. ನಂಬಿಕೆ ಇಲ್ಲ.

ನಾಳೆ ಪೇಪರ್ ಹಂಚಿ ಎಂಟೂವರೆಯ ಬಸ್ಸಿಗೆ ಹೊರಡುವುದು. ಅಯ್ಯಮ್ಮ, ಅರ್ಜುಮಂದ್ ರಿಜಿಸ್ಟರ್ ಸಮೇತ ಬೇರೆ ಹೋಗುತ್ತಾರೆ. ವಿಚಾರಣೆ ಬೆಳಿಗ್ಗೆ ಹನ್ನೊಂದಕ್ಕೆ, ಲಿಂಗಸುಗೂರಿನ ಪ್ರವಾಸಿ ಮಂದಿರದಲ್ಲಿ. ಮೊದಲ ಹೇಳಿಕೆ ನನ್ನದು.